ಎತ್ತಿಸಿದ ಚರಗ

೭ ಅಕ್ಟೋಬರ್ ೧೯೮೭, ಬುಧವಾರ. ಸೀಗಿ ಹುಣ್ಣಿಮೆ.

ಎಂಥ ಮನುಷ್ಯ ನಾನು!

ಈ ತೋಟದ ಅಧಿಕಾರಿಯಾಗಿ ಬಂದಮೇಲೆ ದೇಸಾಯರ ಕಾಲದ ಪಂಜರಗಳನ್ನು ಒಡೆಸಿ ಜಿಂಕೆಗಳಿಗೆ ಹುಲ್ಲಿನ ಬಯಲು ಮಾಡಿಸಿದೆ. ಗಿಡಗಳಿಗೆಲ್ಲ ಹೆಸರಿನ ಫಲಕ ಹಾಕಿಸಿದೆ. ಇಂದು ಅದನ್ನೆಲ್ಲ ನೋಡಲು ದೊಡ್ಡ ಸಾಹೇಬರು ಬಂದಿದ್ದರು. ಅದೇ ಹೊತ್ತಿಗೆ ದುಂಡವ್ವ ಬುಟ್ಟಿ ಹೊತ್ತು ಬಂದಳು. ಅವಳ ಗಂಡ ಇಲ್ಲಿ ಜಿಂಕೆ ನೋಡಿಕೊಳ್ಳುತ್ತಲೇ ಸತ್ತವನು. ಹೊಲವಿಲ್ಲದ ಮನೆ, ಪ್ರತಿವರ್ಷ ಸೀಗಿ ಹುಣ್ಣಿಮೆಗೆ ಭೂಮಿತಾಯಿಯ ಎಡೆಯಾದ ಚರಗವನ್ನು ಈ ತೋಟದ ಮಣ್ಣಿಗೇ ಚೆಲ್ಲುತ್ತಾಳೆ. ಚೆಲ್ಲಿದ ಕಡಬು ಜಿಂಕೆಗಳ ಬೇಲಿಯೊಳಗೆ ಬಿದ್ದವು.

ಹೋದ ವರ್ಷ ಇಂಥದ್ದನ್ನೇ ತಿಂದು ಒಂದು ಜಿಂಕೆ ಹೊಟ್ಟೆ ಉಬ್ಬಿ ಸತ್ತಿತ್ತು. ಜಿಂಕೆಗಳಿಗೆ ಹೊರಗಿನ ತಿನಿಸು ಹಾಕಬಾರದೆಂಬ ನಿಯಮ ತಪ್ಪಲ್ಲ. ಆದರೆ ಆಮೇಲೆ ಆಳುಗಳಿಂದ ತೆಗೆಸಬಹುದಿತ್ತು. ಸಾಹೇಬರ ಮುಂದೆ ಕೂಗಿದೆ: "ಚೆಲ್ಲಿದ್ದು ನೀನ ಎತ್ತಬೇ!"

"ಭೂಮ್ತಾಯಿಗೆ ಉಣಿಸಿದ್ದರಿ ಸಾಹೇಬ್ರ, ಎತ್ತಬಾರದರಿ."

"ಎತ್ತಂದ್ರ ಎತ್ತು!"

ಎತ್ತಿದಳು. ಒಂದೊಂದೇ ಕಡಬಿನ ಮಣ್ಣು ಕೊಡವಿ ಉಡಿಯಲ್ಲಿ ಹಾಕಿಕೊಂಡಳು.

ಶಲವಡಿಯ ರೈತನ ಮಗ ನಾನು. ಚರಗದ ಅಗುಳು ತುಳಿದರೆ ಅಪ್ಪ ಬೆನ್ನಿಗೆ ಬಾರಿಸುತ್ತಿದ್ದ. ಗೊತ್ತಿಲ್ಲದೆ ಮಾಡಿದೆ ಅನ್ನಲೂ ಬರುವುದಿಲ್ಲ.

ಸ್ವಲ್ಪ ಹೊತ್ತಿಗೆ ಸಾಹೇಬರೇ ಜಿಂಕೆಗೆ ಬಿಸ್ಕೀಟು ಎಸೆದರು. ನಾನು ನಕ್ಕೆ. ಆ ನಗೆ ಈಗಲೂ ಮುಖಕ್ಕೆ ಅಂಟಿಕೊಂಡಂತಿದೆ.

ಸಂಜೆ ಗೇಟಿನ ಮಶಾಕಸಾಬ ಒಂದು ಅರಿವೆಯ ಗಂಟು ಕೊಟ್ಟ. "ದುಂಡವ್ವ ನಿಮಗಂತ ಮನಿಯಿಂದನ ಬ್ಯಾರೆ ಕಟಗೊಂಡ ಬಂದಿದ್ಲರಿ. ಹೋಗೂಮುಂದ ಇಟ್ಟ ಹೋಗ್ಯಾಳ."

ಎರಡು ಕಡಬು. ಮೇಜಿನ ಮೇಲಿವೆ. ತಿನ್ನುವ ಬಾಯಿಲ್ಲ. ಚೆಲ್ಲೋಣವೆಂದರೆ, ಯಾವ ಮಣ್ಣಿಗೆ ಚೆಲ್ಲಲಿ ನಾನು?