ಅಳತೆಗೆ ಎತ್ತಿದ ಕೈ

ಅಪ್ಪನಿಗೆ ನಮಸ್ಕಾರ.

ಎದುರು ನಿಂತು ಹೇಳಲು ಮುಖವಿಲ್ಲ. ಅಂಗಡಿಯಿಂದಲೇ ಅಮ್ಮನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಮಣಿಕಟ್ಟಿನ ಬಾವು ಇಳಿಯಿತೇ? ಪಟ್ಟಿ ಬಿಚ್ಚುವವರೆಗೆ ಕತ್ತರಿ ಮುಟ್ಟಬೇಡಿ. ಬ್ಯಾಂಕಿನವರು ಹೊಲಿಯಲು ಕೊಟ್ಟ ಕೋಟಿಗೆ ನಾನೇ ಗುಂಡಿಯ ಕಾಜಾ ಹಾಕಿ ಮುಗಿಸಿದ್ದೇನೆ.

ಅವತ್ತು ನನ್ನ ಕರಾಟೆ ಅಂಗಿಗೆ ಅಳತೆ ತೆಗೆಯಲು ನೀವು ಟೇಪು ಹಿಡಿದು ಕೈ ಎತ್ತಿದಿರಿ, ಅಷ್ಟೇ. ಏಟು ಬರುವ ತನಕ ಕಾಯಬಾರದು, ಎದುರಾಳಿಯ ಭುಜ ಅಲುಗಿದೊಡನೆ ನುಗ್ಗಿ ಆ ಕೈಗೇ ಹೊಡೆಯಬೇಕು ಎಂದು ತರಗತಿಯಲ್ಲಿ ಕಲಿಸುತ್ತಾರೆ. ನಾನು ಅದನ್ನೇ ಮಾಡಿಬಿಟ್ಟೆ. ನೀವು ಗಿರಾಕಿಗಳ ಮುಂದೆ, "ಏನಿಲ್ಲ, ಕೈ ತಗುಲ್ತು" ಅಂದಿರಿ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ತರಗತಿಗೆ ಸೇರಿದ ಹೊಸದರಲ್ಲೇ ಕರಾಟೆ ಮಾಸ್ಟರ್ ನನ್ನ ಬೆನ್ನು ತಟ್ಟಿ, "ಭುಜ ನೋಡೋದು ಕಲಿಯೋಕೇ ವರ್ಷ ಹಿಡಿಯುತ್ತೆ. ನಿಂಗ್ಯಾರಮ್ಮ ಕಲಿಸಿದ್ದು?" ಎಂದು ಕೇಳಿದ್ದರು. "ಮನೇಲೇ" ಎಂದು ನಕ್ಕಿದ್ದೆ.

ನೀವು ನನ್ನ ಮೇಲೆ ಕೈ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ನನ್ನ ಕಣ್ಣಿಗೆ ಮಾತ್ರ ಅದಿನ್ನೂ ತಿಳಿದಿಲ್ಲ.

ನಿನ್ನೆ ನಿಮ್ಮ ದಿಂಬು ಸರಿಮಾಡಲು ಕೈ ಚಾಚಿದರೆ ನೀವು ಕತ್ತು ಹಿಂದಕ್ಕೆಳೆದುಕೊಂಡಿರಿ. ಚಿಕ್ಕವಳಿದ್ದಾಗ ನಾನು ಎಳೆದುಕೊಳ್ಳುತ್ತಿದ್ದುದೂ ಹಾಗೆಯೇ. ದಿಂಬನ್ನು ಹಾಗೇ ಬಿಟ್ಟು ಅಡುಗೆಮನೆಗೆ ಹೋಗಿ ನಿಂತೆ.

ಆ ಅಂಗಿಯನ್ನು ಬೇರೆ ಯಾರ ಕೈಲೂ ಹೊಲಿಸುವುದಿಲ್ಲ. ವಾಸಿಯಾದ ಮೇಲೆ ನೀವೇ ಅಳತೆ ತೆಗೆಯಿರಿ. ಕೈ ಎತ್ತುವ ಮೊದಲು ಒಂದು ಮಾತು ಹೇಳಿ, ಅಪ್ಪ. ಇನ್ನು ಮೇಲೆ ನಾನೂ ಹೇಳಿಯೇ ಎತ್ತುತ್ತೇನೆ.

ತಲೆ ತಗ್ಗಿಸಿ,
ನಿಮ್ಮ ಮಗಳು