ತುಂಗಾಳ ತರಗತಿಯ ಬಾಗಿಲು

ಗದಗ, ಫೆಬ್ರುವರಿ ೩೦, ೨೧೫೧

ಶಾಲೆಗೆ ಹೋಗುವ ಮಕ್ಕಳಿರುವ ಅಂದಿನ ಯಾರಿಗಾದರೂ,

ತಾರೀಖು ಕಂಡು ತಮಾಷೆಯೆಂದು ತಿಳಿಯಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಇದನ್ನು ಹಿಂದಂಚೆಗೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಗೆ ಹಾಕುತ್ತಿದ್ದೇನೆ. ತಲುಪುತ್ತದೆಂದು ಯಾರೂ ಖಾತ್ರಿ ಕೊಡುವುದಿಲ್ಲ. ಆದರೆ ನನಗೆ ಬಹಳ ಹೆದರಿಕೆಯಾಗಿದೆ; ಸುಮ್ಮನೆ ಕೂರಲಾರೆ.

ನಾನು ನಾಗವೇಣಿ ಹೂಗಾರ. ಮಗಳು ತುಂಗಾಳಿಗೆ ಒಂಬತ್ತು ವರ್ಷ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿದ್ದರಿಂದ ಕೈಕಾಲಾಗಲಿ ನಾಲಿಗೆಯಾಗಲಿ ಅವಳು ಹೇಳಿದಂತೆ ಕೇಳುವುದಿಲ್ಲ. ಅವಳು ಕಣ್ಣಿನಿಂದ ಮಾತಾಡುತ್ತಾಳೆ. ಗಾಜಿನ ಹಲಗೆಯ ಮೇಲೆ ಅಕ್ಷರಗಳಿರುತ್ತವೆ. ಅವಳು ಒಂದೊಂದನ್ನೇ ದಿಟ್ಟಿಸುತ್ತಾಳೆ, ಎದುರು ಕೂತವರು ಓದಿಕೊಳ್ಳುತ್ತಾರೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಚಹಾ ಆರಿಹೋಗುತ್ತದೆ, ಅಷ್ಟೇ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಬಲು ತುಂಟಿ.

ನಮ್ಮಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೂ ಇದೇ ಶಾಲೆಯಲ್ಲಿ ಎಲ್ಲರ ಪಕ್ಕ ಕೂತು ಕಲಿತಳು. ಅದಕ್ಕೂ ಎಷ್ಟೋ ಹಿಂದೆ ಇಂಥ ಮಕ್ಕಳನ್ನು ಒಳಕೋಣೆಯಲ್ಲೇ ಬೆಳೆಸುತ್ತಿದ್ದರಂತೆ. ಆಮೇಲೆ ಇಂಥ ಮಕ್ಕಳಿಗೂ ಶಾಲೆಯ ಹಕ್ಕು ಕೊಡುವ ಕಾಯ್ದೆಗಳು ಬಂದವು, ೧೯೯೫ರಲ್ಲಿ ಒಂದು, ೨೦೧೬ರಲ್ಲಿ ಇನ್ನೊಂದು. ಅವುಗಳ ಹಿಂದೆ ಶಾಲೆಯಿಂದ ಶಾಲೆಗೆ, ಕೋರ್ಟಿನಿಂದ ಕೋರ್ಟಿಗೆ ಅಲೆದ ತಾಯಂದಿರಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ನಮ್ಮ ಕಾಲದಲ್ಲಿ ಆ ಕಾಯ್ದೆಯನ್ನು ಯಾರೂ ರದ್ದು ಮಾಡಲಿಲ್ಲ. ‘ಅನುಕೂಲವಿದ್ದಲ್ಲಿ’ ಎಂಬ ಒಂದು ಪದ ಸೇರಿಸಿದರು. ಅದು ಸುದ್ದಿಯಾಗಲೂ ಇಲ್ಲ.

ಆಮೇಲೆ ಪ್ರತಿ ತರಗತಿಗೂ ವೇಗಗೋಡೆ ಬಂತು. ಮಕ್ಕಳು ಎಷ್ಟು ಬೇಗ ಉತ್ತರಿಸುತ್ತಾರೆಂದು ಅಳೆದು ತೋರಿಸುವ ಗೋಡೆ ಅದು. ತರಗತಿ ನಿಧಾನವಾದರೆ ಗೋಡೆ ಕೆಂಪಗಾಗುತ್ತದೆ, ಶಾಲೆ ಶಿಕ್ಷಕರನ್ನು ಕಳೆದುಕೊಳ್ಳುತ್ತದೆ. ಪಕ್ಕದ ಮನೆಯ ಶಾಂತವ್ವ ಒಂದು ದಿನ ನನ್ನ ಮುಖ ನೋಡದೆ ಅಂದಳು: “ನಿನ್ನ ಮಗಳ ಮ್ಯಾಲೆ ನನಗೇನೂ ಸಿಟ್ಟಿಲ್ಲ ನಾಗು. ಆದ್ರ ನನ್ನ ಮಗನೂ ಹಿಂದ ಬೀಳಾಕತ್ತಾನಲ್ಲ?”

ಮೊದಲು ಹೋದವಳು ನಮ್ಮ ಓಣಿಯ ಚಿನ್ಮಯಿ. ಕಿವಿ ಕೇಳದ ಹುಡುಗಿ, ಕೈಸನ್ನೆಯಲ್ಲಿ ಜಗಳವಾಡಿ ಗೆಲ್ಲುತ್ತಿದ್ದವಳು. ಅವಳನ್ನು ಬೇರೆಮನೆಗೆ ಕಳಿಸಿದರು. ನಿಧಾನದ ಮಕ್ಕಳನ್ನು ಇಡುವ ವಸತಿಗೆ ಈಗ ಅದೇ ಹೆಸರು. ಅವಳ ತಾಯಿಯ ಜೊತೆ ನಾನೂ ನೋಡಲು ಹೋಗಿದ್ದೆ. ಗೋಡೆಗಳಿಗೆ ಹೊಸ ಬಣ್ಣ, ಒಗೆದ ಹಾಸಿಗೆ, ಎಲ್ಲ ಚೊಕ್ಕಟ. ಆದರೆ ಸನ್ನೆ ಬಲ್ಲವರು ಒಬ್ಬರೂ ಇರಲಿಲ್ಲ. ‘ಊಟ ಆಯ್ತಾ?’ ಎಂದು ಕೈಯಲ್ಲೇ ಕೇಳಿದೆ. ಹುಡುಗಿ ನನ್ನ ಕೈ ನೋಡಿದಳು, ಬಾಗಿಲಲ್ಲಿ ನಿಂತಿದ್ದ ಆಯಾಳನ್ನು ನೋಡಿದಳು, ಮೆಲ್ಲಗೆ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡಳು. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಕಳೆದ ವಾರ ತುಂಗಾಳ ಪರೀಕ್ಷೆಗೆಂದು ಅಧಿಕಾರಿಯೊಬ್ಬರು ಬಂದರು. ಗೋಡೆಯ ಮೇಲೆ ಪ್ರಶ್ನೆ ಮೂಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಅವಳ ಟೀಚರ್ ಫರ್ಹಾನಾ ನದಾಫ್ ಹಲಗೆ ಹಿಡಿದು ಎದುರು ಕೂತಿದ್ದರು.

“ಒಂದೀಟು ನಿಂದರ್ರಿ ಸಾಹೇಬ್ರ, ಆಕಿ ಹೇಳಾಕತ್ತಾಳ,” ಎಂದರು ಟೀಚರ್.

“ತಿಳಿವಳಿಕಿ ಇಲ್ಲದ ಹುಡುಗಿಗೆ ಯಾಕ ತ್ರಾಸ ಕೊಡ್ತೀರಿ? ಅಲ್ಲಿ ಚಲೋ ನೋಡ್ಕೋತಾರ,” ಎನ್ನುತ್ತಾ ಆತ ಎದ್ದರು.

ಅವರ ಕಾರು ಹೋದ ಮೇಲೆ ತುಂಗಾಳ ವಾಕ್ಯ ಮುಗಿಯಿತು: ‘ಈ ಲೆಕ್ಕ ತಪ್ಪಾಗಿ ಬರೆದಿದ್ದೀರಿ.’ ಟೀಚರ್ ಆ ಲೆಕ್ಕವನ್ನು ನೆನಪಿನಿಂದ ಬರೆದು ನೋಡಿದರು. ನಿಜವಾಗಿಯೂ ತಪ್ಪಿತ್ತು. ನಗಬೇಕೆಂದುಕೊಂಡೆವು, ಆಗಲಿಲ್ಲ.

ಇವತ್ತು ತುಂಗಾಳನ್ನು ಒಯ್ಯಲು ಬೇರೆಮನೆಯ ಗಾಡಿ ಬಂದಿದೆ. ನಾನು ಅವಳ ತರಗತಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಟೀಚರ್ ಬಾಗಿಲ ಚಿಲಕ ಹಾಕಿ, ಬೆಂಚುಗಳನ್ನು ಅಡ್ಡ ಎಳೆದಿದ್ದಾರೆ. ಹೋಗಬಯಸುವ ಮಕ್ಕಳು ಹೋಗಬಹುದೆಂದರು, ಕೆಲವರು ಹೋದರು. ಶಾಂತವ್ವ ಮಗನನ್ನು ಕರೆಯಲು ಒಳಗೆ ಬಂದವಳು, ತುಂಗಾಳ ಕುರ್ಚಿಯ ಹತ್ತಿರ ನಿಂತಳು, ಆಮೇಲೆ ಮಗನ ಪಕ್ಕ ನೆಲಕ್ಕೆ ಕೂತುಬಿಟ್ಟಳು. ಗೋಡೆ ಪೂರ್ತಿ ಕೆಂಪಾಗಿದೆ. ಟೀಚರ್ ಪಾಠ ನಿಲ್ಲಿಸಿಲ್ಲ. ಹೊರಗೆ ಬೂಟುಗಳ ಸದ್ದು ಹೆಚ್ಚುತ್ತಿದೆ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮೂರಿನ ಶಾಲೆಗೆ ನಾಳೆಯೇ ಹೋಗಿ. ಯಾವ ಮಗು ಬರುತ್ತಿಲ್ಲವೆಂದು ಕೇಳಿ, ಆ ಮಗುವಿನ ಮನೆಗೂ ಹೋಗಿ. ನಿಮ್ಮ ಮಗುವಿನ ಪಕ್ಕದಲ್ಲಿ ಅದಕ್ಕೊಂದು ಜಾಗ ಮಾಡಿಸಿ, ಆ ಜಾಗ ಬಿಟ್ಟುಕೊಡಬೇಡಿ.

ಬಾಗಿಲು ಬಡಿಯುತ್ತಿದ್ದಾರೆ. ತುಂಗಾ ನನ್ನನ್ನು ನೋಡಿ ಏನೋ ಹೇಳಲು ಶುರುಮಾಡಿದ್ದಾಳೆ. ‘ಅ’ ಆಗಿದೆ, ‘ವ್ವ’ ಆಗಿದೆ. ಉಳಿದದ್ದನ್ನು ನಾನು ಓದಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ನಾಗವೇಣಿ