ಎಲ್ಲರ ಅಭಿಪ್ರಾಯವೂ ಬಂತು, ನಿನ್ನದೊಂದು ಬಿಟ್ಟು

ತಿಪಟೂರು,
ಭಾನುವಾರ ಮಧ್ಯಾಹ್ನ

ಚೈತ್ರ,

ನೀನು ಫೋನು ಎತ್ತುವುದಿಲ್ಲವೆಂದು ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದ ಫೋನಿನ ಹಾಗೆ ಬಡಿದುಕೊಳ್ಳುವುದಿಲ್ಲ. ಒಂದು ಮೂಲೆಯಲ್ಲಿ ಬಿದ್ದಿರುತ್ತದೆ, ಮನಸ್ಸಾದ ದಿನ ಒಡೆಯಬಹುದು. ವಿಳಾಸ ಕೊಟ್ಟವರು ನಿಮ್ಮಮ್ಮ. ರಾಜಸ್ಥಾನದ ಆ ಊರಿನ ಹೆಸರು ನಮ್ಮಿಬ್ಬರ ಬಾಯಲ್ಲೂ ನೆಟ್ಟಗೆ ಹೊರಳದೆ, ಕೊನೆಗೆ ನಿಮ್ಮ ಯಜಮಾನರು ಗಂಗಾಧರ್ ಕಳಿಸಿದ್ದ ಪಾರ್ಸೆಲ್ಲಿನ ಮೇಲಿನ ಅಕ್ಷರ ನೋಡಿ ಬರೆದುಕೊಂಡೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಮ್ಮ ‘ಏರಿ ಕಾಯೋಣ’ ಫೋನಿಗೆ ಬಂದಿದೆ. ನಾವು ಕಾಲೇಜಿನ ಕೊನೆಯ ವರ್ಷ, ನಮ್ಮ ಮನೆಯಲ್ಲಿ, ಅಟ್ಟದ ಮೇಲೆ ಒಣಗುತ್ತಿದ್ದ ಕೊಬ್ಬರಿ ಕಾಯಿಗಳ ವಾಸನೆಯ ಕೆಳಗೆ ಕೂತು ಕಟ್ಟಿದ ಆಟ. ಚೌಕಾಬಾರ ಆಡುವಾಗ ನನ್ನ ಕಾಯಿ ಹೊಡೆಯುವ ಮೊದಲು ನೀನು ‘ಪಾಪ ಕಣೇ’ ಅನ್ನುತ್ತಿದ್ದೆ, ಆಮೇಲೆ ಹೊಡೆಯುತ್ತಿದ್ದೆ. ಒಂದು ದಿನ ಹೊಡೆಯದೆ ಕವಡೆ ಕೆಳಗಿಟ್ಟು, ‘ಯಾರೂ ಯಾರ್ನೂ ಹೊಡೀದೆ ಇರೋ ಆಟ ಯಾಕಿಲ್ಲ?’ ಎಂದೆ. ಅಲ್ಲಿಂದ ಹುಟ್ಟಿತು ನಮ್ಮ ಕೆರೆ. ಮಳೆ ಸುರಿಯುತ್ತಿದೆ, ನೀರು ಏರುತ್ತಿದೆ, ಕೆರೆಯ ಏರಿ ಬಿರುಕು ಬಿಡುತ್ತಿದೆ. ನೀರು ಹೊರಬಿಡುವ ತೂಬು ನೋಡುವ ನೀರುಗಂಟಿ, ಮಣ್ಣು ತರುವ ಗಾಡಿಯವನು, ಊರು ಎಬ್ಬಿಸುವ ಡಂಗುರದವನು, ದಣಿದವರಿಗೆ ಮುದ್ದೆ ಕೊಡುವ ಅಡುಗೆಯಾಕೆ. ಏರಿ ಉಳಿದರೆ ಎಲ್ಲರೂ ಗೆದ್ದಂತೆ, ಒಡೆದರೆ ಎಲ್ಲರೂ ಸೋತಂತೆ. ನಿಯಮ ನಾನು ಬರೆದೆ, ಹಲಗೆಯ ಚಿತ್ರ ನೀನು ಬರೆದೆ. ನಮ್ಮಜ್ಜ ಏಕಾಂತಯ್ಯನವರು ಕೊಬ್ಬರಿ ಮಂಡಿಯಿಂದ ಬಂದವರು ಬಗ್ಗಿ ನೋಡಿ, ‘ನಾಕ್ ಜನ ಆಡಿ ಒಬ್ಬನೂ ಗೆಲ್ದೇ ಇರೋ ಆಟ ಯಾರ್ ಕೊಂಡ್ಕತಾರೆ ಕಣಮ್ಮ?’ ಎಂದು ನಕ್ಕಿದ್ದರು.

ಕೊಂಡುಕೊಂಡರು, ಚೈತ್ರ. ಮೈಸೂರಿನ ಜ್ಞಾನೇಶ್ ಎಂಬವರು ಸಣ್ಣದೊಂದು ಕಂಪನಿ ನಡೆಸುತ್ತಾರೆ. ಮೊದಲು ಡಬ್ಬಿಯಲ್ಲಿ ಹಾಕಿ ಮಾರಿದರು, ಈ ವರ್ಷ ಫೋನಿಗೆ ತಂದರು. ಈಗ ಯಾರ್ಯಾರೋ ಎಲ್ಲೆಲ್ಲೋ ಕೂತು ನಮ್ಮ ಏರಿ ಕಾಯುತ್ತಿದ್ದಾರೆ. ಆಡಿದವರು ಕೆಳಗೆ ಅಭಿಪ್ರಾಯ ಬರೆಯುತ್ತಾರೆ. ಪಾಠ ಮುಗಿಸಿ ಶಾಲೆಯಿಂದ ಬಂದವಳೇ ನಾನು ಕೈಕಾಲು ತೊಳೆಯುವ ಮೊದಲು ಅದನ್ನು ಓದುತ್ತೇನೆ.

ಹಾಸನದವರೊಬ್ಬರು, ಚೀಟಿ ಜೋಡಿಸುವ ತಾಪತ್ರಯ ತಪ್ಪಿತು, ಲೆಕ್ಕವನ್ನೆಲ್ಲ ಫೋನೇ ನೋಡಿಕೊಳ್ಳುತ್ತದೆ ಎಂದು ಹೊಗಳಿದ್ದಾರೆ. ಮಳೆಯ ಸದ್ದಿಗೆ ಮಗು ಮಲಗುತ್ತದೆ ಎಂದು ಒಬ್ಬ ತಾಯಿ ಬರೆದಿದ್ದಾಳೆ. ಗೆದ್ದವನ ಹೆಸರೇ ತೋರಿಸದ ಆಟ ಆಟವೇ ಅಲ್ಲ ಎಂದು ಒಬ್ಬ ಬೈದು, ಒಂದೇ ಒಂದು ನಕ್ಷತ್ರ ಕೊಟ್ಟು ಹೋಗಿದ್ದಾನೆ. ಗುರುತಿಲ್ಲದವರ ಜೊತೆ ಆಡುವಾಗ ಮಾತೇ ಇಲ್ಲ, ಒತ್ತಲು ಹೆಬ್ಬೆಟ್ಟಿನ ಚಿತ್ರವೊಂದು, ‘ಬೇಗ’ ಅನ್ನುವ ಗುಂಡಿಯೊಂದು ಇದೆಯಷ್ಟೆ ಎಂಬುದು ಬಹಳ ಜನರ ದೂರು. ಲಾರಿ ಓಡಿಸುವ ಒಬ್ಬರ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ: ‘ಜೊತೆಗೆ ಯಾರೂ ಇರಲಿಲ್ಲ, ನಾಲ್ಕೂ ಜನ ನಾನೇ ಆಗಿ ಆಡಿದೆ. ಏರಿ ಉಳಿಯಿತು. ಆಮೇಲೆ ಯಾರಿಗೆ ಹೇಳಬೇಕೋ ತಿಳಿಯಲಿಲ್ಲ.’

ಅಜ್ಜನಿಗೂ ಆಡಿಸಿದೆ. ಕನ್ನಡಕ ಹಣೆಗೇರಿಸಿ, ಫೋನು ಮೂಗಿಗೆ ಹಿಡಿದು ಆಡಿದರು. ‘ಆಟ ಚೆನ್ನಾಗೈತೆ. ಆದ್ರೆ ಜೊತೇಲಿರೋನ್ ಮಕ ಕಾಣ್ದೆ ಅವ್ನ್ ಹೆದ್ರವ್ನೋ, ಧೈರ್ಯವಾಗವ್ನೋ ನಂಗೆಂಗ್ ಗೊತ್ತಾಗ್ಬೇಕು?’ ಅದೂ ಒಂದು ಅಭಿಪ್ರಾಯವೇ.

ಇಷ್ಟೆಲ್ಲ ಓದುವಾಗ ನಾನು ಹುಡುಕುತ್ತಿದ್ದುದು ನಿನ್ನನ್ನು. ಬೇರೆ ಹೆಸರಿನಲ್ಲಾದರೂ ನೀನು ಆಡಿರಬಹುದು, ಒಂದು ಸಾಲು ಬರೆದಿರಬಹುದು ಅನ್ನಿಸುತ್ತಿತ್ತು. ಹೊಗಳದಿದ್ದರೆ ಬೇಡ, ಬೈದಿದ್ದರೂ ಗುರುತು ಹಿಡಿಯುತ್ತಿದ್ದೆ. ಅಮ್ಮಸಂದ್ರದ ನಿಮ್ಮ ಮನೆಗೆ ನಾನು ಕೊನೆಯ ಸಲ ಬಂದಾಗ, ಉಸಿರಾಡದೆ ಹೋದ ನಿನ್ನ ಮಗುವಿಗೆಂದು ಹೊಲಿದಿದ್ದ ಕುಲಾವಿ ಇನ್ನೂ ಕಿಟಕಿಯ ಮೇಲಿತ್ತು. ಗೋಡೆಗೆ ತಿರುಗಿ ಮಲಗಿದ್ದ ನೀನು, ‘ಇನ್ ಬರ್ಬೇಡ ಕಣೇ. ನಿನ್ನ ನೋಡಿದ್ರೆ ಚೆನ್ನಾಗಿದ್ದಿದ್ದೆಲ್ಲ ಗ್ಯಾಪ್ಕ ಬತ್ತದೆ’ ಎಂದೆ. ನಾನು ಬರಲಿಲ್ಲ. ಆಮೇಲೆ ಗಂಗಾಧರ್ ದೂರದ ಸಿಮೆಂಟ್ ಕಾರ್ಖಾನೆಗೆ ಕೆಲಸ ಬದಲಿಸಿದರು, ನೀನು ಅಮ್ಮನೊಬ್ಬರನ್ನು ಬಿಟ್ಟು ಎಲ್ಲರ ಫೋನನ್ನೂ ನಿಲ್ಲಿಸಿದೆ. ನಿನ್ನ ಮೇಲೆ ಸಿಟ್ಟಿಲ್ಲ. ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ತವರು ಮಾಯಸಂದ್ರದ ಬೋರ್ಡು ಕಂಡಾಗಲೆಲ್ಲ ಕಣ್ಣು ನೀನು ಕೂರುತ್ತಿದ್ದ ಕಿಟಕಿ ಪಕ್ಕದ ಸೀಟಿಗೆ ಹೋಗುತ್ತದೆ, ಅಷ್ಟೆ.

ಹೋದ ತಿಂಗಳು ಜ್ಞಾನೇಶ್ ಫೋನು ಮಾಡಿದರು. ‘ಮೇಡಂ, ಸುಮಾರು ಜನ ಒಂದೇ ಮಾತು ಬರೀತಿದಾರೆ. ಫೋನಿನ ಕೆರೆ ಯಾವೂರಿನದೋ ಗೊತ್ತಾಗಲ್ಲ, ಅದಕ್ಕೆ ಉಳಿಸಬೇಕು ಅನ್ನಿಸಲ್ಲ ಅಂತ. ನಿಮ್ಮ ಮೊದಲನೇ ಹಲಗೆ ಇದ್ಯಲ್ಲ, ಕೈಯಲ್ಲಿ ಬರೆದಿದ್ದು, ಅದೇ ಚಿತ್ರ ಹಾಕೋಣ’ ಎಂದರು. ಹಲಗೆ ಇರುವುದು ನಿಮ್ಮಮ್ಮ ಅಂಕಮ್ಮನ ಹತ್ತಿರ. ನಿನ್ನೆ ಮಧ್ಯಾಹ್ನ ಮಾಯಸಂದ್ರಕ್ಕೆ ಹೋದೆ.

ಅಂಕಮ್ಮ ತೋಟದಲ್ಲಿ ತೆಂಗಿನ ಗರಿ ಸೀಳುತ್ತಿದ್ದರು. ‘ಬಾರವ್ವ, ಎಸ್ಟ್ ದಿನ ಆಯ್ತು ನಿನ್ ಮಕ ನೋಡಿ’ ಎಂದು ಕೈ ಒರೆಸಿಕೊಂಡು ಎದ್ದರು. ಎಳನೀರು ಕುಡಿಸಿದ ಮೇಲೆ, ಸೀರೆಯಲ್ಲಿ ಸುತ್ತಿಟ್ಟಿದ್ದ ಹಲಗೆ ತಂದರು. ಬಿಚ್ಚಿ ನೋಡಿದೆ. ನಿನ್ನ ನೀರಿನ ಹಸಿರು, ಏರಿಯ ಮೇಲೆ ಬಾಗಿದ ನಿನ್ನ ತೆಂಗಿನ ಮರ. ಅವರು ಬೆರಳಿಟ್ಟು, ‘ಇದು ನಮ್ಮೂರ್ ಕೆರೆನೇ ಕಣವ್ವ. ಹೆಂಗ್ ಆಡದು ಇದ್ನ? ನಂಗ್ಯಾರೂ ಹೇಳ್ಕೊಟ್ಟೇ ಇಲ್ಲ’ ಎಂದರು.

ಚಿತ್ರ ತೆಗೆದುಕೊಂಡು ಹೊರಡಬೇಕಾಗಿದ್ದವಳು ಜಗಲಿಯ ಮೇಲೆ ಆಟ ಹಾಸಿ ಕೂತೆ. ಅವರು ನೀರುಗಂಟಿ, ನಾನು ಗಾಡಿಯವಳು. ಓದು ಬಾರದಿದ್ದರೂ ಚೀಟಿಯ ಚಿತ್ರ ನೋಡಿಯೇ ಹಿಡಿದುಬಿಟ್ಟರು. ನನ್ನನ್ನು ಗದರಿದರು ಕೂಡ: ‘ಆ ಕಡಿಕ್ ಯಾಕ್ ಹೋಯ್ತಿಯ, ಇಲ್ಲಿ ಸೋರ್ತಾ ಇಲ್ವಾ?’ ಹೀಗೆ ನೀರು ಮೇಲಿನ ಗೆರೆಗೆ ಬಂದಿದ್ದಾಗ, ಮಡಿಲಲ್ಲಿದ್ದ ಅವರ ಫೋನು ಹೊಡೆದುಕೊಂಡಿತು. ನೀನು. ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟರು. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಚೀಟಿ ಜೋಡಿಸತೊಡಗಿದೆ.

ಅವರು ನಿನಗೆ ಮಾತಾಡಲೂ ಬಿಡಲಿಲ್ಲ. ‘ತಡಿ ಕಣೇ, ಏರಿ ಕಿತ್ಕಂಡ್ ಹೋಯ್ತಾ ಐತೆ.’

‘ಏನಾಯ್ತವ್ವ ಕೆರೆಗೆ?’ ಎಂದು ಗಾಬರಿಯಾದೆ ನೀನು.

‘ನೀನ್ ಬರ್ದಿದ್ ಕೆರೆ ಕಣೇ. ಲಿಖಿತಾ ಬಂದವ್ಳೆ, ಆಡ್ತಾ ಇವ್ನಿ.’

ಇನ್ನೇನು ಇಟ್ಟುಬಿಡುತ್ತೀಯ ಅಂದುಕೊಂಡೆ. ಅಂಕಮ್ಮನೂ ನನ್ನ ಮುಖ ನೋಡಿದರು. ಆಗ ನೀನು, ಗಂಟಲು ಸರಿಮಾಡಿಕೊಂಡು, ‘ಗಾಡಿ ಎಲ್ಲೈತೆ?’ ಎಂದು ಕೇಳಿದೆ.

ಉತ್ತರ ಕೊಟ್ಟವಳು ನಾನು. ‘ಪಡುವಣ ಮೂಲೇಲಿ.’

‘ಅಲ್ಯಾಕ್ ಇಟ್ಟೆ? ಮಣ್ಣು ನಡುವಿನ ಬಿರುಕಿಗೆ ಸುರಿ. ತೂಬು ಆಮೇಲೆ ನೋಡ್ಕೊಳ್ಳಿ.’

ಸುರಿದೆ. ಅಂಕಮ್ಮ ಮಳೆಯ ಚೀಟಿ ಎತ್ತಿದರು. ಜಡಿಮಳೆ. ಏರಿ ಒಡೆಯಿತು. ‘ಹೋಯ್ತು ಕಣೇ’ ಎಂದೆ. ‘ಹೋಯ್ತಾ?’ ಎಂದೆ ನೀನು. ನಿಮ್ಮಮ್ಮ ಬಾಯ್ತುಂಬ ನಕ್ಕು, ‘ಮೂರ್ ಜನಾನೂ ಮುಳುಗ್ದೋ ಬುಡು’ ಎಂದರು. ನಿನ್ನಿಂದಲೂ ಒಂದು ಸದ್ದು ಬಂತು. ನಗುವೋ ಅಳುವೋ ಈಗಲೂ ನನಗೆ ಗೊತ್ತಿಲ್ಲ. ‘ಒಲೆ ಮೇಲೆ ಹಾಲಿಟ್ಟಿದ್ದೀನಿ’ ಎಂದು ನೀನು ಫೋನು ಇಟ್ಟೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂಕಮ್ಮನ ಆ ಮಾತನ್ನೇ ತಿರುವಿ ಹಾಕುತ್ತಿದ್ದೆ. ಇಷ್ಟು ವರ್ಷ ನೀನು ಒಬ್ಬಳೇ ಮುಳುಗುತ್ತಿದ್ದೆ, ನಮ್ಮನ್ನು ದಡದಲ್ಲೇ ನಿಲ್ಲಿಸಿದ್ದೆ. ನಿನ್ನೆ ಒಂದು ಗಳಿಗೆ ನಮ್ಮನ್ನೂ ಕರೆದುಕೊಂಡೆ. ಸೋತು ಇಷ್ಟು ಹಗುರಾಗಿ ನಾನು ಯಾವತ್ತೂ ಮನೆಗೆ ಬಂದಿರಲಿಲ್ಲ.

ಹಲಗೆಯನ್ನು ಅಂಕಮ್ಮ ಕೊಡಲಿಲ್ಲ, ಫೋಟೋ ತೆಗೆದು ತಂದಿದ್ದೇನೆ. ನೀನು ಹೂಂ ಅನ್ನುವವರೆಗೆ ಮೈಸೂರಿಗೆ ಕಳಿಸುವುದಿಲ್ಲ. ಊಹೂಂ ಅಂದರೂ ಸರಿ, ಅದನ್ನಾದರೂ ಅನ್ನು.

ಇನ್ನೊಂದು ಮಾತು. ಎಷ್ಟು ಯೋಚಿಸಿದರೂ ನೀನು ಹೇಳಿದ್ದು ತಪ್ಪೆಂದೇ ನನಗೆ ಕಾಣುತ್ತದೆ. ನೀರು ಅಷ್ಟು ಏರಿದ ಮೇಲೆ ಮೊದಲು ತೂಬು ಎತ್ತಬೇಕಿತ್ತು. ಒಪ್ಪದಿದ್ದರೆ ಜಗಳಕ್ಕೆ ಬಾ. ಬರಲಾಗದಿದ್ದರೆ ಫೋನಿನಲ್ಲೇ ಆಡು. ಆ ಕಡೆ ನೀನೆಂದು ಗೊತ್ತಿದ್ದರೆ ಮುಖ ಕಾಣದಿದ್ದರೂ ನನಗೆ ನಡೆಯುತ್ತದೆ.

ಆ ಬಿಸಿಲಿನ ನಾಡಿನಲ್ಲಿ ನಿನ್ನ ಮೈಗೂ ಮನಸ್ಸಿಗೂ ತಂಪು ಸಿಗಲಿ, ತಾಯಿ.

ನಿನ್ನ ಜೊತೆ ಸೋತವಳು,
ಲಿಖಿತಾ